ಗಾಡಿಯ ಅಡಿಗೆ ಇಳಿಯದೆ ಬರೆದ ವರದಿ

ಹದಿನೆಂಟು ಪೊಲೀಸರನ್ನು ಹತ್ತು ದಿನಗಳ ಮಟ್ಟಿಗೆ ನನ್ನ ಕೈಗೆ ಒಪ್ಪಿಸಿದರು. ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಠಾಣೆಗಳಿಂದ ಆರಿಸಿ ಕಳಿಸಿದವರು. ರಸ್ತೆಯಲ್ಲಿ ಗಾಡಿ ತಡೆಯುವವರು ಕಾಗದ ನೋಡಿ ಬಿಡುತ್ತಾರೆ, ಗಾಡಿಯನ್ನೇ ನೋಡುವುದಿಲ್ಲ, ಅದನ್ನು ಕಲಿಸಿ ಎಂದು ಮೇಲಿನಿಂದ ಆದೇಶ ಬಂದಿತ್ತು. ನಾನು ಮೋಟಾರು ವಾಹನ ನಿರೀಕ್ಷಕ. ಜನ ನಮ್ಮನ್ನು ಕರೆಯುವುದು ಬ್ರೇಕ್ ಇನ್ಸ್‌ಪೆಕ್ಟರ್ ಎಂದು. ನನ್ನ ಊರು ಹಾವೇರಿ ಕಡೆ. ಈ ಕರಾವಳಿಗೆ ಬಂದು ಹದಿನಾಲ್ಕು ವರ್ಷವಾಗಿತ್ತು.

ಹತ್ತನೆಯ ದಿನ ಪರೀಕ್ಷೆ ಇತ್ತು. ಪಾಸಾದವರಿಗೆ ಹೆದ್ದಾರಿ ಗಸ್ತು ವಾಹನದಲ್ಲಿ ಕೆಲಸ. ಫೇಲಾದವರು ವಾಪಸ್ ಠಾಣೆಗೆ ಹೋಗಿ ಹಾಕಿದ ಕಡೆ ಕಾವಲು ನಿಲ್ಲಬೇಕು. ಅಂಕ ಕೊಡುವವನು ನಾನೊಬ್ಬನೇ.

ಮೊದಲೆರಡು ದಿನ ಕುಮಟಾದ ಒಂದು ಸಭಾಭವನದಲ್ಲಿ ಪಾಠ ಮಾಡಿದೆ. ಉದ್ದನೆಯ ಮೇಜಿನ ಮೇಲೆ ಹಳೆಯ ಬಿಡಿಭಾಗಗಳನ್ನು ಹರಡಿದೆ. ನೂಲು ಕಾಣುವಷ್ಟು ಸವೆದ ಟಯರಿನ ತುಂಡು, ಆಯಿಲ್ ಕುಡಿದು ಕಪ್ಪಾದ ಬ್ರೇಕ್ ಲೈನಿಂಗ್, ಸಡಿಲಾದ ಸ್ಟೇರಿಂಗ್ ಜಾಯಿಂಟ್, ಒಡೆದ ಬ್ರೇಕ್ ಪೈಪುಗಳು. ಎರಡು ಪೈಪು ಎತ್ತಿ ಹಿಡಿದು ನಾನು ಹೇಳಿದ್ದು ನನಗೆ ಇಂದಿಗೂ ಶಬ್ದ ಶಬ್ದ ನೆನಪಿದೆ. ಎಳೆದು ಹರಿದ ಪೈಪಿನ ಬಾಯಿ ಸಣ್ಣದಾಗಿ ಸೊಟ್ಟಗಾಗಿರುತ್ತದೆ, ಅದು ಅಪಘಾತದಲ್ಲಿ ಆದದ್ದು. ಉಜ್ಜಿ ಸವೆದ ಪೈಪು ಒಂದೇ ಬದಿಗೆ ಚಪ್ಪಟೆಯಾಗಿ, ಕಾಗದದಂತೆ ತೆಳುವಾಗಿ, ಆ ಚಪ್ಪಟೆಯ ನಡುವೆ ತೂತಾಗಿರುತ್ತದೆ, ಅದು ಅಪಘಾತಕ್ಕೆ ಮೊದಲೇ ಆದದ್ದು. ಅಪಘಾತ ಗಾಡಿಯನ್ನು ಮುರಿಯಿತೋ, ಮುರಿದ ಗಾಡಿ ಅಪಘಾತ ಮಾಡಿತೋ ಎನ್ನುವುದಕ್ಕೆ ಇದೊಂದೇ ಗುರುತು. ಗಾಡಿಯ ಅಡಿಗೆ ಇಳಿಯದವನು ಇದನ್ನು ಎಂದೂ ಕಾಣುವುದಿಲ್ಲ ಎಂದೆ.

ನಾನು ಒರಟಾಗಿ ಕಲಿಸುವವನು. ನನಗೂ ಹಾಗೆಯೇ ಕಲಿಸಿದ್ದರು. ತಪ್ಪು ಹೇಳಿದವನನ್ನು ಎಲ್ಲರ ಮುಂದೆ ನಿಲ್ಲಿಸಿ ನಗಿಸುವುದು ನನ್ನ ಪದ್ಧತಿ. ಒಮ್ಮೆ ನಾಚಿಕೆಯಾದರೆ ಜನ್ಮದಲ್ಲಿ ಮರೆಯುವುದಿಲ್ಲ ಎಂಬ ನಂಬಿಕೆ.

ಮೂರನೆಯ ದಿನ ಹೊನ್ನಾವರದಲ್ಲಿ, ಹೆದ್ದಾರಿ ಬದಿಗೆ ನಿಲ್ಲಿಸಿದ ಲಾರಿಯೊಂದರ ಅಡಿಗೆ ಒಬ್ಬೊಬ್ಬರಾಗಿ ತೆವಳಿ ಹೋಗಿ ಬರಬೇಕಿತ್ತು. ಎಲ್ಲರಿಗಿಂತ ಹಿರಿಯ ಹೆಡ್ ಕಾನ್‌ಸ್ಟೆಬಲ್‌ಗೆ ಮಂಡಿ ಹಿಡಿದಿತ್ತು, ನಿವೃತ್ತಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಆಗುವುದಿಲ್ಲ ಸರ್ ಎಂದು ಮೆಲ್ಲಗೆ ಹೇಳಿದರು. ನಾನು ಬಿಡಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಡಾಂಬರು ಕಾದಿತ್ತು. ಅವರು ಅಂಗೈ ಊರಿ ಒಳಗೆ ಹೋಗಿ ಬಂದರು. ಬಲಗಡೆ ಹಿಂದಿನ ಸ್ಪ್ರಿಂಗಿನಲ್ಲಿ ಎಷ್ಟು ಪ್ಲೇಟು ಒಡೆದಿದೆ ಎಂದು ಕೇಳಿದೆ. ನೋಡಲಿಲ್ಲ ಎಂದರು. ಮತ್ತೆ ಹೋಗಿ ಎಂದೆ. ಎರಡನೆಯ ಸಲ ಹೊರಗೆ ಬಂದಾಗ ಅವರ ಅಂಗೈ ಕೆಂಪಗೆ ಬೆಂದಿತ್ತು. ಉಳಿದವರು ನಕ್ಕರು, ನಗಬೇಕಿತ್ತು ಎಂದು ನಕ್ಕರು. ಒಬ್ಬಳು ಮಾತ್ರ ಬಾಟಲಿಯ ನೀರು ತಂದು ಅವರ ಕೈಮೇಲೆ ಸುರಿದಳು. ಕೇಳದೆ ಸಾಲು ಬಿಟ್ಟು ಬಂದದ್ದಕ್ಕೆ ಅವಳಿಗೂ ಬೈದೆ.

ಅವಳು ಮಾವಿನಕುರ್ವೆಯವಳು. ಶರಾವತಿ ಸಮುದ್ರ ಸೇರುವಲ್ಲಿರುವ ಆ ನಡುಗಡ್ಡೆಯಲ್ಲಿ ಮೀನು ಹಿಡಿಯುವವರ ಮನೆಯಲ್ಲಿ ಬೆಳೆದವಳು. ದೋಣಿಯ ಎಂಜಿನ್ ಬಿಚ್ಚುವುದನ್ನು ಸಣ್ಣಂದಿನಿಂದ ನೋಡಿದ್ದಳಂತೆ. ಮೂವತ್ತು ದಾಟಿರಬಹುದು. ಮಾತು ಕಡಿಮೆ. ಬ್ರೇಕ್ ಪೆಡಲ್ ಒತ್ತಿ ಹಿಡಿದು ಎಷ್ಟು ನಿಧಾನಕ್ಕೆ ಕೆಳಗಿಳಿಯುತ್ತದೆ ಎಂದು ಕಾಲಲ್ಲೇ ಅಳೆದು, ಆಯಿಲ್ ಸೋರುತ್ತಿದೆಯೋ ಇಲ್ಲವೋ ಎಂದು ಹೇಳುತ್ತಿದ್ದಳು. ಇಂಥ ಶಿಷ್ಯೆ ನನಗೆ ಹಿಂದೆ ಸಿಕ್ಕಿರಲಿಲ್ಲ. ಅದನ್ನು ನಾನು ಅವಳಿಗೆ ಹೇಳಲಿಲ್ಲ.

ಐದನೆಯ ದಿನ ಜಪ್ತಿ ಮಾಡಿದ ಗಾಡಿಗಳನ್ನು ನಿಲ್ಲಿಸುವ ಅಂಗಳವೊಂದಕ್ಕೆ ಕರೆದೊಯ್ದೆ. ನಜ್ಜುಗುಜ್ಜಾದ ಕಾರು, ಬೈಕು, ರಿಕ್ಷಾಗಳ ನಡುವೆ ಕೆಂಪುಕಲ್ಲು ಸಾಗಿಸುತ್ತಿದ್ದ ಒಂದು ಮಿನಿ ಲಾರಿ ಸಿಮೆಂಟ್ ಇಟ್ಟಿಗೆಗಳ ಮೇಲೆ ಕೂತಿತ್ತು. ಅಡಿಗೆ ಹೋಗಲು ಸಲೀಸು ಎಂದು ಅದನ್ನೇ ಆರಿಸಿದೆ. ಅಭ್ಯಾಸ ಇಷ್ಟೇ. ಅವರು ಗಾಡಿಯನ್ನು ಪರೀಕ್ಷಿಸಿ ದೋಷ ಬರೆಯಬೇಕು. ಆಮೇಲೆ ಠಾಣೆಯ ಕಡತ ತರಿಸಿ, ಅಪಘಾತವಾದಾಗ ನಮ್ಮ ಇಲಾಖೆಯವರು ಕೊಟ್ಟ ವರದಿ ಓದುತ್ತೇನೆ. ಎರಡನ್ನೂ ಹೋಲಿಸಬೇಕು. ಗಾಡಿಯ ನಂಬರ್ ನೋಡಿ ನನಗೇನೂ ನೆನಪಾಗಲಿಲ್ಲ. ವರ್ಷಕ್ಕೆ ಅಂಥವು ಎಷ್ಟೋ ಬರುತ್ತವೆ.

ಮೊದಲು ಯಾರು ಎಂದು ಕೇಳುವ ಮೊದಲೇ ಅವಳು ಮುಂದೆ ಬಂದಳು. ಟಾರ್ಚ್ ಹಿಡಿದು ಮಲಗಿಕೊಂಡೇ ಒಳಗೆ ಸರಿದಳು. ಹತ್ತು ನಿಮಿಷವಾದರೂ ಹೊರಗೆ ಬರಲಿಲ್ಲ. ಎಲ್ಲರೂ ಕಾಯುತ್ತಿದ್ದಾರೆ ಎಂದು ಕೂಗಿದೆ. ಬಂದವಳ ಮುಖಕ್ಕೆ, ಕೂದಲಿಗೆ ತುಕ್ಕಿನ ಪುಡಿ ಮೆತ್ತಿತ್ತು.

“ಸರ್, ಹಿಂದಿನ ಚಕ್ರಕ್ಕೆ ಹೋಗೂ ಬ್ರೇಕ್ ಪೈಪು ಒಂದು ಬದಿಗೆ ಚಪ್ಪಟೆ ಆಗಿ ತೂತಾಗಿದೆ,” ಎಂದಳು. “ಪೈಪು ಹಿಡ್ದಿಡೂ ಕ್ಲಿಪ್ ಇಲ್ಲ. ಕ್ಲಿಪ್ ಕೂತ್ಕಣೂ ಜಾಗದಲ್ಲಿ ಹಳೇ ಮಣ್ಣು ಗಟ್ಟಿಯಾಗಿ ಕೂತಿದೆ. ಪೈಪು ಚಾಸಿಗೆ ಉಜ್ಜಿ ಉಜ್ಜಿ ಚಾಸಿಯಲ್ಲೂ ಗೆರೆ ಬಿದ್ದಿದೆ. ಮುಂದಿನ ಲೈನಿಂಗೂ ಸವ್ದು ಮುಗ್ದಿದೆ. ಇದು ಅಪಘಾತದಲ್ಲಿ ಆದದ್ದಲ್ಲ ಸರ್. ಈ ಗಾಡಿಗೆ ಬ್ರೇಕ್ ಇರ್ಲಿಲ್ಲ.”

ಒಳ್ಳೆಯ ಉತ್ತರ. ಶಾಭಾಸ್ ಎನ್ನಲು ಬಾಯಿ ತೆರೆದಿದ್ದೆನೋ ಏನೋ. ಅಷ್ಟರಲ್ಲಿ ಠಾಣೆಯವರು ಕಡತ ತಂದು ಕೈಗಿಟ್ಟರು. ಪುಟ ತಿರುವಿದೆ. ಒಂದು ವರ್ಷದ ಹಿಂದೆ ಸಂತೆಗುಳಿ ಕಡೆಯಿಂದ ಇಳಿದು ಬರುವ ರಸ್ತೆಯ ತಿರುವಿನಲ್ಲಿ, ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ನಡೆದು ಹೋಗುತ್ತಿದ್ದ ಹೆಂಗಸಿಗೆ ಡಿಕ್ಕಿ, ಸ್ಥಳದಲ್ಲೇ ಸಾವು. ಬ್ರೇಕ್ ಹಿಡಿಯಲಿಲ್ಲ ಎಂದು ಚಾಲಕನ ಹೇಳಿಕೆ. ಅದರ ಹಿಂದಿನ ಪುಟದಲ್ಲಿ ಪರೀಕ್ಷಾ ವರದಿ. ಬ್ರೇಕ್: ಸಮರ್ಪಕ. ಕೊನೆಯಲ್ಲಿ ನಾವು ಎಲ್ಲ ವರದಿಗಳಲ್ಲೂ ಬರೆಯುವ ಸಾಲು, ‘ಅಪಘಾತವು ವಾಹನದ ಯಾಂತ್ರಿಕ ದೋಷದಿಂದ ಸಂಭವಿಸಿರುವುದಿಲ್ಲ’. ಅದರ ಕೆಳಗೆ ನನ್ನ ಸಹಿ.

ಹದಿನೆಂಟು ಜನ ನನ್ನ ಮುಖ ನೋಡುತ್ತಿದ್ದರು. ನಾನು ಕಡತ ಮುಚ್ಚಿದೆ. ಗಾಡಿಯನ್ನು ಕ್ರೇನ್‌ನಲ್ಲಿ ಎತ್ತುವಾಗ ಸರಪಳಿ ತಾಗಿ ಪೈಪು ಹೋಗಿದೆ, ಅಷ್ಟೂ ತಿಳಿಯದೆ ಬಾಯಿಗೆ ಬಂದದ್ದು ಹೇಳಬೇಡ ಎಂದೆ. ಅವಳು ತಲೆ ತಗ್ಗಿಸಲಿಲ್ಲ. ಸರಪಳಿ ತಾಗಿದ್ದರೆ ಪೈಪು ಬಾಗಬೇಕಿತ್ತು, ಇದು ನೇರ ಇದೆ, ನೀವೇ ಹಾಗೆ ಕಲಿಸಿದ್ದು ಎಂದಳು. ಬೇಕಾದರೆ ನೋಡಿ ಎಂದು ಫೋನ್ ಮುಂದೆ ಚಾಚಿದಳು. ಒಳಗೆ ಮಲಗಿಕೊಂಡೇ ನಾಲ್ಕೈದು ಫೋಟೊ ತೆಗೆದಿದ್ದಳು. ಎಲ್ಲವೂ ಸ್ಪಷ್ಟವಾಗಿದ್ದವು.

ಆಗ ನಾನು ಕೇಳಿದ ಪ್ರಶ್ನೆ ಹೀಗಿತ್ತು: “ಆ ಡ್ರೈವರ್ ನಿನಗೆ ಏನಾಗಬೇಕು?”

“ಡ್ರೈವರ್ ನಂಗೆ ಎಂತೂ ಆಗ್ಬೇಕಾಗಿಲ್ಲ ಸರ್,” ಎಂದಳು. “ಸತ್ತವ್ರು ನನ್ನ ಚಿಕ್ಕಿ. ಅಬ್ಬೆ ಹೋದ ಮೇಲೆ ನನ್ನ ಸಾಕಿದ್ದು ಅವ್ರೇ.”

ಮಂಡಿನೋವಿನ ಹೆಡ್ ಕಾನ್‌ಸ್ಟೆಬಲ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅಲ್ಲಿಗೆ ನಾನು ನಿಲ್ಲಬಹುದಿತ್ತು. ನಿಲ್ಲಲಿಲ್ಲ. ನ್ಯಾಯಾಲಯದಲ್ಲಿರುವ ಪ್ರಕರಣದ ಗಾಡಿಯ ಫೋಟೊ ತೆಗೆಯುವುದು ಅಪರಾಧ ಎಂದು ಸುಳ್ಳು ಹೇಳಿದೆ. ಎಲ್ಲರ ಮುಂದೆ ಒಂದೊಂದೇ ಫೋಟೊ ಅಳಿಸಲು ಹೇಳಿದೆ. ಅಳಿಸಿದವು ಫೋನಿನ ಇನ್ನೊಂದು ಮೂಲೆಯಲ್ಲಿ ಉಳಿದಿರುತ್ತವೆ ಎಂದು ನನಗೆ ಗೊತ್ತಿತ್ತು. ಅಲ್ಲಿಂದಲೂ ತೆಗೆಸಿದೆ. ಆಮೇಲೆ ಗೇಟಿನ ಬಳಿ ಬಿಸಿಲಿನಲ್ಲಿ ನಿಲ್ಲಲು ಹೇಳಿ ಉಳಿದವರಿಗೆ ಇನ್ನೊಂದು ಗಾಡಿ ತೋರಿಸಿದೆ. ಊಟದ ಹೊತ್ತಿನವರೆಗೂ ಅವಳು ನೆಟ್ಟಗೆ ನಿಂತೇ ಇದ್ದಳು.

ಉಳಿದ ದಿನಗಳು ಭಟ್ಕಳದಲ್ಲಿ ಕಳೆದವು. ರಸ್ತೆಯಲ್ಲಿ ಗಾಡಿ ತಡೆಯುವ ಕ್ರಮ, ಎಷ್ಟು ದೂರದಲ್ಲಿ ಕೋನ್ ಇಡಬೇಕು, ಶಾಲೆಯ ವ್ಯಾನಿನ ತುರ್ತು ಬಾಗಿಲು ಹೇಗೆ ತೆರೆದು ನೋಡಬೇಕು, ಎಲ್ಲವನ್ನೂ ಕಲಿಸಿದೆ. ಅವಳು ಹಿಂದಿನ ಸಾಲಿನಲ್ಲಿ ನಿಂತು ಹೇಳಿದ್ದನ್ನು ಹೇಳಿದಂತೆ ಮಾಡಿದಳು. ಉಳಿದವರು ಅವಳ ಹತ್ತಿರ ಮಾತಾಡುವುದು ಬಿಟ್ಟಿದ್ದರು. ಅಂಕ ನನ್ನ ಕೈಯಲ್ಲಿ ಎಂದು ಅವರಿಗೆ ಗೊತ್ತಿತ್ತು. ಹತ್ತನೆಯ ದಿನದ ಪರೀಕ್ಷೆಯಲ್ಲಿ ಅವಳು ಒಂದು ಬಸ್ಸಿನಲ್ಲಿ ಹದಿಮೂರು ದೋಷ ಗುರುತಿಸಿದಳು. ನಾನು ಹುಡುಕಿಟ್ಟಿದ್ದು ಹನ್ನೊಂದು. ಅವಳ ಹಾಳೆಯಲ್ಲಿ ‘ಶಿಸ್ತಿನ ಕೊರತೆ, ಅನುತ್ತೀರ್ಣ’ ಎಂದು ಬರೆದೆ. ಇಡೀ ಗುಂಪಿನಲ್ಲಿ ಫೇಲಾದವಳು ಅವಳೊಬ್ಬಳೇ. ಮಂಡಿನೋವಿನವರನ್ನೂ ಪಾಸು ಮಾಡಿದ್ದೆ.

ಪಟ್ಟಿ ಓದಿ ಮುಗಿದ ಮೇಲೆ ಎಲ್ಲರೂ ಚಹಾಕ್ಕೆ ಹೋದರು. ಅವಳು ನನ್ನ ಮೇಜಿನ ಬಳಿ ಬಂದು ನಿಂತಳು. ಅಂಕದ ಬಗ್ಗೆ ಏನೂ ಕೇಳಲಿಲ್ಲ.

“ಸರ್, ಚಿಕ್ಕಿ ಕೇಸಿನ ವರದಿ ಬರ್ದ ದಿನ ನೀವು ಗಾಡಿ ಅಡಿಗೆ ಇಳ್ದು ನೋಡಿದ್ರಾ?”

“ನೋಡಿದ್ದೆ,” ಎಂದೆ.

“ಆತು ಸರ್,” ಎಂದು ಸೆಲ್ಯೂಟ್ ಹೊಡೆದು ಹೋದಳು.

ಮರುದಿನ ಭಾನುವಾರ. ಕಚೇರಿಯ ಬೀಗ ತೆಗೆಸಿ ಹಳೆಯ ರಿಜಿಸ್ಟರ್ ಎಳೆದು ಕೂತೆ. ನನ್ನನ್ನು ನಾನೇ ಖುಲಾಸೆ ಮಾಡಿಕೊಳ್ಳುವ ಆಸೆಯಿತ್ತು. ಆ ತಾರೀಖಿನಲ್ಲಿ ನಾನು ಒಂದೇ ಮಧ್ಯಾಹ್ನ ಮೂರು ಠಾಣೆಗಳಲ್ಲಿ ಏಳು ಗಾಡಿ ಪರೀಕ್ಷಿಸಿದ್ದೆ. ಪುಟ ನೋಡುತ್ತಿದ್ದಂತೆ ಆ ದಿನ ಸ್ವಲ್ಪ ಸ್ವಲ್ಪವಾಗಿ ಮರಳಿತು. ಮಳೆ ಹೊಡೆಯುತ್ತಿತ್ತು. ಮಿನಿ ಲಾರಿಯ ಬಾಗಿಲು ಜಜ್ಜಿ ತೆರೆಯಲಾಗದೆ ನಾನು ಪೆಡಲನ್ನು ಒಮ್ಮೆಯೂ ಒತ್ತಿರಲಿಲ್ಲ. ಅಡಿಯಲ್ಲಿ ಕೆಸರು ನಿಂತಿತ್ತು. ಕೊಡೆ ಹಿಡಿದು ಸುತ್ತ ಒಂದು ಸಲ ನಡೆದು, ಜೀಪಿನಲ್ಲಿ ಕೂತು ಫಾರಂ ತುಂಬಿದ್ದೆ. ಪೆಡಲ್ ಒಂದು ಸಲ ಒತ್ತಿದ್ದರೆ ಸಾಕಿತ್ತು. ಅದು ನೆಲಕ್ಕೆ ಹೋಗಿ ಕೂರುತ್ತಿತ್ತು.

ರಿಜಿಸ್ಟರಿನಲ್ಲಿ ಇನ್ನೊಂದೂ ಸಿಕ್ಕಿತು. ಅಪಘಾತಕ್ಕೆ ಐದು ತಿಂಗಳ ಮೊದಲು ಅದೇ ಗಾಡಿ ರಸ್ತೆಗೆ ಯೋಗ್ಯ ಎಂದು ಎಫ್‌ಸಿ ಕೊಟ್ಟವನೂ ನಾನೇ. ಕ್ಲಿಪ್ ಆಗಲೇ ಇತ್ತೋ ಇಲ್ಲವೋ, ದೇವರಾಣೆಗೂ ನನಗೆ ಗೊತ್ತಿಲ್ಲ.

ಸೋಮವಾರ ಬೆಳಗ್ಗೆ ಆ ಅಂಗಳಕ್ಕೆ ಹೋದೆ. ಠಾಣೆಯವರ ಸಮ್ಮುಖದಲ್ಲಿ ಮರುಪರೀಕ್ಷೆ ಮಾಡಿ, ಪೈಪು ಬಿಚ್ಚಿಸಿ, ಸೀಲು ಹಾಕಿಸುವ ಮನಸ್ಸು ಮಾಡಿದ್ದೆ. ಮಿನಿ ಲಾರಿ ಇರಲಿಲ್ಲ. ಸಿಮೆಂಟ್ ಇಟ್ಟಿಗೆಗಳು ಮಾತ್ರ ಇದ್ದವು. ವಿಮೆ ಮುಗಿದಿತ್ತೆಂದು ಒಂದು ವರ್ಷ ಅತ್ತ ತಲೆ ಹಾಕದ ಮಾಲಿಕ, ನಾವು ಭಟ್ಕಳದಲ್ಲಿದ್ದಾಗ ನ್ಯಾಯಾಲಯದ ಅನುಮತಿ ಪಡೆದು ಗಾಡಿ ಒಯ್ದಿದ್ದ. ಯಾರು ಸುದ್ದಿ ಮುಟ್ಟಿಸಿದರೋ ಗೊತ್ತಿಲ್ಲ. ಬ್ರೇಕ್ ಪೈಪು ಎಂದು ಹದಿನೆಂಟು ಜನರ ಮುಂದೆ ಕಿರುಚಿದ್ದು ನಾನೇ. ಗುಜರಿಯವನನ್ನು ಹುಡುಕಿಕೊಂಡು ಹೋದಾಗ ಅವನು ನಗುತ್ತ ಹೇಳಿದ, ಆ ಗಾಡಿ ಶನಿವಾರವೇ ತುಂಡಾಗಿ ಲಾರಿ ಹತ್ತಿತು ಎಂದು. ಪೈಪು ಯಾರು ನೋಡುತ್ತಾರೆ ಸರ್, ಎಲ್ಲ ಒಂದೇ ರಾಶಿ ಎಂದ.

ನನ್ನ ಮೇಲಧಿಕಾರಿಗೆ ಎಲ್ಲವನ್ನೂ ಹೇಳಿದೆ. ಅವರು ಬಾಗಿಲು ಮುಚ್ಚಿಸಿ ಸಮಾಧಾನವಾಗಿ ಕೇಳಿದರು. ಗಾಡಿ ಇಲ್ಲ, ಪೈಪಿಲ್ಲ, ಫೋಟೊ ಇಲ್ಲ, ಈಗ ಬರೆದರೆ ಸಿಕ್ಕಿಬೀಳುವವರು ನೀವೊಬ್ಬರೇ, ಚಾಲಕನಿಗೂ ಉಪಯೋಗವಿಲ್ಲ ಎಂದರು. ಲೆಕ್ಕ ಸರಿಯಾಗಿಯೇ ಇತ್ತು. ಅವರ ಕೋಣೆಯಿಂದ ಹೊರಬಿದ್ದು ಅರ್ಧ ದಿನ ಆ ಲೆಕ್ಕವನ್ನೇ ಹಿಡಿದು ಕೂತೆ. ಸಂಜೆಗೆ, ಹಿಂದಿನ ವರದಿಯನ್ನು ವಾಹನ ಪರೀಕ್ಷಿಸದೆ ಬರೆದಿದ್ದೇನೆ ಎಂದು ತನಿಖಾಧಿಕಾರಿಗೆ ಒಂದೇ ಪುಟದ ಪತ್ರ ಬರೆದು ಸಹಿ ಹಾಕಿದೆ. ಧೈರ್ಯದಿಂದ ಬರೆದೆ ಎಂದು ಹೇಳಲಾರೆ. ಅವಳು ಹೊಡೆದು ಹೋದ ಆ ಸೆಲ್ಯೂಟ್ ನನ್ನನ್ನು ಕೂರಲು ಬಿಡುತ್ತಿರಲಿಲ್ಲ.

ಮಾರನೆಯ ದಿನ ಸಂತೆಗುಳಿಗೆ ಹೋದೆ. ಚಾಲಕನ ಮನೆ ಗದ್ದೆಯ ಅಂಚಿನಲ್ಲಿತ್ತು. ನಲವತ್ತರ ಆಸುಪಾಸಿನವನು, ಅಂಗಳದಲ್ಲಿ ಕೂತು ಬದನೆ ಸಸಿಯ ಬೇರಿಗೆ ಮಣ್ಣು ಕಟ್ಟುತ್ತಿದ್ದ. ಅಪಘಾತವಾದ ದಿನ ಜನ ಹೊಡೆದದ್ದಕ್ಕೆ ಎಡಗೈ ಮುರಿದು, ಸೊಟ್ಟಗೆ ಕೂಡಿಕೊಂಡಿತ್ತು. ಬಲಗಾಲಿನಲ್ಲಿ ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳು ಇರಲಿಲ್ಲ. ಕಟ್ಟಿಗೆ ಒಡೆಯುವಾಗ ತಪ್ಪಿ ಏಟು ಬಿತ್ತು ಎಂದ. ನಾನು ಯಾರು ಎಂದು ಕೇಳಲಿಲ್ಲ. ವಕೀಲರ ಕಡೆಯವರೋ ಕೋರ್ಟಿನವರೋ ಇರಬೇಕು ಎಂದುಕೊಂಡಿದ್ದ. ಅಂಥವರು ಬಂದು ಹೋಗಿ ಮಾಡುತ್ತಿದ್ದರಂತೆ.

ಆ ದಿನ ಏನಾಯಿತು ಎಂದು ಕೇಳಿದೆ. ಪಾಠ ಒಪ್ಪಿಸಿದಂತೆ ಹೇಳಿದ.

“ಮೂರು ಸಲ ಬ್ರೇಕ್ ಒತ್ತಿದ್ದೆ ಅಂತೇ ನಂಗೆ ನೆಂಪಿತ್ತು ಸಾಹೇಬ್ರೆ. ಕಾಲಡಿಗೆ ಎಂತೂ ಸಿಗ್ಲೇ ಇಲ್ಲ, ನೀರಿಗೆ ಕಾಲು ಹಾಕ್ದಂಗೆ ಆತು, ಅಂತ ನೆಂಪು. ಎಲ್ಲರ ಹತ್ರ ಹಂಗೇ ಹೇಳಿದೆ. ಮತ್ತೆ ವಕೀಲ್ರು ಕಾಗದ ಓದಿ ಹೇಳಿದ್ರು, ಬ್ರೇಕ್ ಸರಿ ಇತ್ತು ಅಂತ ಇನ್ಸ್‌ಪೆಕ್ಟರ್ರು ಬರ್ದಾರೆ ಅಂತ. ಅಷ್ಟು ಓದ್ದವ್ರು ಸುಳ್ಳು ಬರೀತಾರಾ? ಹಂಗಾರೆ ನಾನೇ ಒತ್ತಲಿಲ್ಲ. ಹೆದ್ರಿಕೆಗೆ ಕಾಲು ಏಳಲಿಲ್ಲ ಕಾಣ್ತದೆ. ಮುಂದಿನ ತಾರೀಖಿಗೆ ಒಪ್ಕಂಡ್ಬಿಡ್ತೆ.”

ಒಳಗಿನಿಂದ ಅವನ ಹೆಂಡತಿ ನೀರು, ಬೆಲ್ಲ ತಂದು ಜಗುಲಿಯ ಮೇಲಿಟ್ಟಳು. ಗಂಡನ ಕಡೆ ನೋಡದೆ ನನಗೆ ಹೇಳಿದಳು, “ಕಟ್ಟಿಗೆ ಒಡೀವಾಗ ಆದದ್ದಲ್ಲ ಸಾಹೇಬ್ರೆ. ಬ್ರೇಕ್ ಒತ್ತದಿದ್ದ ಕಾಲು ಇದು ಅಂತ ತಾನೇ ಕೊಡಲಿ ಹಾಕಿಕೊಂಡ್ರು.”

ಅವನು ಸಸಿ ಬಿಡಲಿಲ್ಲ, ಮಣ್ಣು ಒತ್ತುತ್ತಲೇ ಇದ್ದ.

ಆ ಕಾಗದ ಬರೆದವನು ನಾನು ಎಂದೆ. ಗಾಡಿ ನೋಡದೆ ಬರೆದೆ, ಪೈಪು ತೂತಾಗಿತ್ತು, ನೀನು ಒತ್ತಿದ್ದೆ, ಮೂರು ಸಲವೂ ಒತ್ತಿದ್ದೆ, ತಪ್ಪೊಪ್ಪಿಕೊಳ್ಳಬೇಡ ಎಂದೆ. ಇದನ್ನೆಲ್ಲ ಹೇಳುವಾಗ ಅವನು ನನ್ನ ಕಾಲರ್ ಹಿಡಿಯುತ್ತಾನೆ ಎಂದುಕೊಂಡಿದ್ದೆ. ಹಿಡಿದರೆ ಹಗುರಾಗುತ್ತದೆ ಎಂಬ ಆಸೆಯೂ ಇತ್ತು. ಅವನ ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಕೂತಳು. ಅವನು ಕೈಗೆ ಮೆತ್ತಿದ ಮಣ್ಣು ಉಜ್ಜಿಕೊಳ್ಳುತ್ತ ಮಾತಾಡಿದ.

“ನಾನೇ ಕೊಂದೆ ಅಂತ ಒಪ್ಕಣೂಕೆ ನಂಗೆ ಒಂದು ವರ್ಷ ಹಿಡೀತು ಸಾಹೇಬ್ರೆ. ಈಗ ಬಂದು ಮತ್ತೆ ತಿರುಗ್ಸಿ ಹೇಳ್ಬೇಡಿ. ಈ ಬೆರಳು ಎಂತಕ್ಕೆ ಹೋತು ಅಂತ ನಾನು ಯಾರಿಗೆ ಹೇಳೂದು ಹಂಗಾರೆ?”

ನಾನು ತಂದಿದ್ದ ಪತ್ರದ ನಕಲನ್ನು ಜಗುಲಿಯ ಮೇಲಿಟ್ಟು ಎದ್ದೆ. ಬೆಲ್ಲ ಮುಟ್ಟಲಿಲ್ಲ. ಗೇಟಿನವರೆಗೂ ಯಾರೂ ಬರಲಿಲ್ಲ.

ಹೆಂಡತಿಯ ಹಟಕ್ಕೆ ಅವನು ಆ ತಾರೀಖಿಗೆ ತಪ್ಪೊಪ್ಪಿಕೊಳ್ಳಲಿಲ್ಲ. ಮಾಲಿಕ ಗೊತ್ತು ಮಾಡಿದ್ದ ವಕೀಲರನ್ನು ಬಿಟ್ಟು ಬೇರೆಯವರನ್ನು ಹಿಡಿದರು. ವಿಚಾರಣೆ ನಡೆಯಿತು. ಆ ಹೊತ್ತಿಗೆ ನಾನು ಅಮಾನತಾಗಿದ್ದೆ. ಅವಳ ಫಲಿತಾಂಶ ತಿದ್ದಿ ಎಂದು ಎರಡು ಸಲ ಪತ್ರ ಬರೆದೆ. ಪಟ್ಟಿ ಮಂಜೂರಾಗಿ ಹೋಗಿದೆ, ಅಮಾನತಾದ ಅಧಿಕಾರಿಯ ಮಾತಿನ ಮೇಲೆ ತಿದ್ದಲಾಗದು ಎಂದು ಉತ್ತರ ಬಂತು. ಅವಳನ್ನು ಘಟ್ಟದ ಮೇಲಿನ ಒಂದು ಖಾಲಿ ಕಟ್ಟಡದ ಕಾವಲಿಗೆ ಹಾಕಿದ್ದರು.

ಸಾಕ್ಷಿ ಹೇಳಲು ಬಂದಾಗ ಅವಳು ಸೀರೆಯಲ್ಲಿದ್ದಳು. ಸತ್ತವಳ ಸಾಕುಮಗಳು ಚಾಲಕನ ಪರವಾಗಿ ಕಟಕಟೆ ಹತ್ತುವುದನ್ನು ನೋಡಲು ಮಾವಿನಕುರ್ವೆಯಿಂದ ಅವಳ ಚಿಕ್ಕಪ್ಪ ಬಂದಿದ್ದರು. ಅವಳು ಗಾಡಿಯ ಅಡಿಯಲ್ಲಿ ಕಂಡದ್ದನ್ನು ನನಗೆ ಹೇಳಿದಂತೆಯೇ ಹೇಳಿದಳು. ಫೋಟೊ ಎಲ್ಲಿ ಎಂದು ಕೇಳಿದರು. ಅಳಿಸಿದೆ ಎಂದಳು. ಯಾರು ಅಳಿಸಲು ಹೇಳಿದರು ಎಂದು ಕೇಳಿದಾಗ ಬೆರಳು ತೋರಿಸದೆ ನನ್ನ ಹುದ್ದೆಯ ಹೆಸರು ಹೇಳಿದಳು. ಹೊರಗೆ ಜಗುಲಿಯಲ್ಲಿ ಅವಳ ಚಿಕ್ಕಪ್ಪ, ಇನ್ನು ನಮ್ಮ ಮನೆ ಮೆಟ್ಟಿಲು ಹತ್ತಬೇಡ ಎಂದು ಹೇಳಿ ಬಸ್‌ಸ್ಟ್ಯಾಂಡಿನ ಕಡೆ ನಡೆದದ್ದನ್ನು ನಾನು ಕಣ್ಣಾರೆ ಕಂಡೆ.

ನನ್ನ ಸರದಿ ಅದಕ್ಕೂ ಹಿಂದಿನ ತಾರೀಖಿನಲ್ಲೇ ಮುಗಿದಿತ್ತು. ಚಾಲಕನ ವಿರುದ್ಧ ಹೇಳಬೇಕಾದ ಸಾಕ್ಷಿ ನಾನು. ವಿರುದ್ಧ ಹೇಳಲಿಲ್ಲವೆಂದು ಸರ್ಕಾರಿ ವಕೀಲರೇ ನನಗೆ ಪಾಟೀಸವಾಲು ಹಾಕಿದರು. ಆಗ ಬರೆದದ್ದು ಸುಳ್ಳೋ, ಈಗ ಹೇಳುವುದು ಸುಳ್ಳೋ ಎಂದರು. ಆಗಿನದು ಎಂದೆ. ಪೈಪು ತೋರಿಸಿ ಎಂದರು. ಇಲ್ಲ ಎಂದೆ. ಅವರು ಕನ್ನಡಕ ಒರೆಸಿಕೊಂಡು, ತೀರಾ ಮೆಲ್ಲಗೆ ಇನ್ನೊಂದು ಕೇಳಿದರು.

“ಹದಿನಾಲ್ಕು ವರ್ಷದಲ್ಲಿ ಹೀಗೆ ನೋಡದೆ ಬರೆದ ವರದಿ ಇದೊಂದೇನಾ?”

“ಅಲ್ಲ,” ಎಂದೆ.

ಎಷ್ಟು ಎಂದರು. ಲೆಕ್ಕವಿಟ್ಟಿಲ್ಲ ಎಂದೆ. ಬರೆದುಕೊಳ್ಳುತ್ತಿದ್ದ ಗುಮಾಸ್ತ ತಲೆ ಎತ್ತಿ ನೋಡಿದ.

ಚಾಲಕನನ್ನು ಕೊನೆಯಲ್ಲಿ ಕೇಳಿದಾಗ ಅವನು, ಒತ್ತಿದೆನೋ ಇಲ್ಲವೋ ನನಗೆ ಈಗ ತಿಳಿಯುವುದಿಲ್ಲ ಎಂದ. ನನ್ನ ಮಾತನ್ನು ನ್ಯಾಯಾಲಯ ನಂಬಲಿಲ್ಲ. ನಂಬಲು ನಾನೇ ಏನನ್ನೂ ಉಳಿಸಿರಲಿಲ್ಲ. ಅವನಿಗೆ ಒಂದು ವರ್ಷದ ಸಜೆಯಾಯಿತು. ಮೇಲ್ಮನವಿ ಹಾಕಿದ್ದಾರೆ.

ತೀರ್ಪಿನ ದಿನ ಅವಳೂ ಬಂದಿದ್ದಳು. ಹತ್ತಿರ ಹೋಗಿ ಕ್ಷಮೆ ಕೇಳಿದೆ. ಅವಳು ಕೋಪ ಮಾಡಲಿಲ್ಲ.

“ನಂಗೆ ಎಂತಕ್ಕೆ ಹೇಳ್ತೀರಿ ಸರ್,” ಎಂದಳು. “ನಿಮ್ಮ ಕಾಗದ ನಂಬಿ ಒಂದು ವರ್ಷ ದಿನಾ ಅಂವ ಸಾಯ್ಲಿ ಅಂತ ದೀಪ ಹಚ್ಚಿದವ್ಳು ನಾನು. ನಾನು ಯಾರ ಹತ್ರ ಕ್ಷಮೆ ಕೇಳೂದು?”

ಆಮೇಲೆ ಅವಳನ್ನು ನಾನು ನೋಡಿಲ್ಲ.

ನನ್ನ ಹೇಳಿಕೆಯ ಸುದ್ದಿ ಮೂರೂ ತಾಲೂಕುಗಳಲ್ಲಿ ಹರಡಿತು. ತೀರ್ಪಾಗಿ ಎರಡು ವಾರಕ್ಕೆ ಮೊದಲನೆಯವರು ಮನೆಗೆ ಬಂದರು. ಭಟ್ಕಳದ ಒಬ್ಬ ತಾಯಿ. ಮಗ ಓಡಿಸುತ್ತಿದ್ದ ರಿಕ್ಷಾ ಮಗುಚಿ, ಅದರಲ್ಲಿದ್ದ ಗರ್ಭಿಣಿ ತೀರಿಕೊಂಡಿದ್ದಳು. ಮಗ ಆರು ತಿಂಗಳು ಒಳಗಿದ್ದು ಹೊರಬಂದ ಮೇಲೆ ಯಾರ ಹತ್ತಿರವೂ ಮಾತಾಡುವುದಿಲ್ಲ, ಕೋಣೆಯಲ್ಲೇ ಇರುತ್ತಾನೆ ಎಂದರು. ಅವರ ಮನೆಮಾತು ನವಾಯತಿ. ಕನ್ನಡದ ಒಂದೊಂದು ಶಬ್ದವನ್ನೂ ಆರಿಸಿ ಆಡುತ್ತಿದ್ದರು. ಬುರ್ಖಾದ ಒಳಗಿನಿಂದ ಪ್ಲಾಸ್ಟಿಕ್ ಚೀಲ, ಚೀಲದೊಳಗಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಕೆಳಗೆ ಅದೇ ಸಾಲು, ಅದೇ ಸಹಿ.

“ಇದು ನೋಡಿ ಬರೆದದ್ದಾ ಭಾಯ್, ನೋಡದೆ ಬರೆದದ್ದಾ? ಅಷ್ಟು ಹೇಳಿ ಸಾಕು. ನಾನು ಹೋಗಿ ಅವನಿಗೆ ಹೇಳ್ತೇನೆ.”

ಕಾಗದವನ್ನು ಬೆಳಕಿಗೆ ಹಿಡಿದೆ. ತಾರೀಖು ಓದಿದೆ, ನಂಬರ್ ಓದಿದೆ. ಆ ರಿಕ್ಷಾದ ಬಣ್ಣ ಕೂಡ ನನಗೆ ನೆನಪಾಗಲಿಲ್ಲ. ನೆನಪಿಲ್ಲ ಎಂದೆ.

ಅವರು ಎದ್ದು ಹೋಗಲಿಲ್ಲ. ಇನ್ನೊಮ್ಮೆ ನೋಡಿ ಎಂದು ಕಾಗದವನ್ನು ನನ್ನ ಕಡೆ ಸರಿಸಿದರು.